ಲೇಜಿಮ್ ನಿಂತ ಮೇಲೂ ನಡುಗಿದ ನೆಲ

ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಗ್ರಾಂಟ್ ರೋಡ್ ಸ್ಟೇಷನ್ನಿನ ಹತ್ತಿರದ ಗಲ್ಲಿಯೊಂದರಲ್ಲಿದ್ದ ಕನ್ನಡ ಶಾಲೆಯಲ್ಲಿ ನಾನು ಏಳನೆಯ ಇಯತ್ತೆ ಓದುತ್ತಿದ್ದೆ. ಶಾಲೆಗೆ ಸ್ವಂತ ಕಟ್ಟಡವಿರಲಿಲ್ಲ. ಹಳೆಯ ಬಿಲ್ಡಿಂಗ್ ಒಂದರ ಕೆಳಗೆ ಟ್ರಂಕಿನ ಅಂಗಡಿ, ಅದರ ಮೇಲೆ ಕಾಗದದ ಗೋದಾಮು, ಗೋದಾಮಿನ ಮೇಲೆ ನಾವು. ಹಿಂಭಾಗದಲ್ಲಿ ಮರದ ಮೆಟ್ಟಿಲು. ಮೆಟ್ಟಿಲು ಮುಗಿದಲ್ಲಿ ಒಂದು ದೊಡ್ಡ ಹಾಲ್. ಪ್ರಾರ್ಥನೆ, ನಾಟಕ, ಭಾಷಣ ಸ್ಪರ್ಧೆ, ಮಳೆಗಾಲದ ಡ್ರಿಲ್ಲು ಎಲ್ಲವೂ ಅಲ್ಲಿಯೇ. ನಮ್ಮ ಮನೆ ಎದುರಿನ, ಸಾಲು ಬಾಡಿಗೆ ಕೋಣೆಗಳ ಚಾಳಿನಲ್ಲಿತ್ತು. ಗ್ಯಾಲರಿಯಲ್ಲಿ ನಿಂತರೆ ಹಾಲಿನ ಕಿಟಕಿಗಳು ನೇರ ಕಾಣುತ್ತಿದ್ದವು.

ಮೊದಲು ಹಟ ಹಿಡಿದದ್ದು ಆರನೆಯ ಇಯತ್ತೆಯ ಬಾಗಿಲು. ಬೇಸಿಗೆ ರಜೆ ಕಳೆದು ಬಂದಾಗ ಅದು ಚೌಕಟ್ಟಿಗೆ ಕೂರುತ್ತಿರಲಿಲ್ಲ. ಮಳೆಗೆ ಮರ ಉಬ್ಬಿದೆ ಎಂದರು. ಆಮೇಲೆ ಊಟದ ಡಬ್ಬಿ ತೆರೆದಿಟ್ಟರೆ ಅನ್ನದ ಮೇಲೆ ಸಣ್ಣಗೆ ಸುಣ್ಣದ ಪುಡಿ ಬೀಳತೊಡಗಿತು. ಬಿಜಾಪುರ ಕಡೆಯ ನನ್ನ ಗೆಳತಿಯೊಬ್ಬಳು ಒಂದು ಆಟ ಹುಡುಕಿದಳು. ಹಾಲಿನ ನಡುವೆ ಗೋಲಿಯೊಂದನ್ನು ಇಟ್ಟು ಕೈಬಿಟ್ಟರೆ ಅದು ತಾನಾಗಿಯೇ ಹಿಂದಿನ ಗೋಡೆಯತ್ತ ಉರುಳುತ್ತಿತ್ತು. ಜೂನ್‌ನಲ್ಲಿ ಅದು ಯೋಚಿಸಿ ಯೋಚಿಸಿ ಹೊರಡುತ್ತಿತ್ತು. ಜುಲೈ ಮುಗಿಯುವ ಹೊತ್ತಿಗೆ ಕೈಬಿಟ್ಟ ಕೂಡಲೇ ಓಡುತ್ತಿತ್ತು. ನಮಗೆ ಅದೊಂದು ಮೋಜು.

ಆ ಹಿಂದಿನ ಗೋಡೆಯಲ್ಲೇ ಬಿರುಕು ಇದ್ದದ್ದು. ಅದನ್ನು ನೋಡಿಕೊಳ್ಳುತ್ತಿದ್ದವರು ನಮ್ಮ ಶಾಲೆಯ ಜವಾನರು. ಉಡುಪಿ ಕಡೆಯವರು, ಐವತ್ತು ದಾಟಿದವರು. ಹೆಂಡತಿ ಊರಿನಲ್ಲಿ, ಇವರ ವಾಸ ಮೆಟ್ಟಿಲಿನ ತಿರುವಿನಲ್ಲಿದ್ದ ಕಟ್ಟೆಯಷ್ಟು ಜಾಗದಲ್ಲಿ. ಮನೆಯಲ್ಲಿ ತುಳು ಆಡುವವಳೆಂದು ನನ್ನನ್ನು ಕಂಡರೆ ಅವರಿಗೆ ವಿಶೇಷ ಅಕ್ಕರೆ. ಸಂಜೆ ಮಕ್ಕಳೆಲ್ಲ ಹೋದ ಮೇಲೆ ಅವರು ಸುಣ್ಣಕ್ಕೆ ಹಳೆಯ ಪೇಪರು ಕಲಸಿ ಬಿರುಕಿಗೆ ತುಂಬುತ್ತಿದ್ದರು. ಮರುದಿನ ಅದರ ಪಕ್ಕದಲ್ಲಿ ಇನ್ನೊಂದು ಗೆರೆ. ಕೊನೆಗೆ ಹೆಡ್‌ಮಾಸ್ತರರು ನಮ್ಮ ಗೋಡೆಪತ್ರಿಕೆಯ ಹಲಗೆಯನ್ನು ಅಲ್ಲಿಗೆ ಸಾಗಿಸಿದರು. ತಿಂಗಳಿಗೊಮ್ಮೆ ನಾವೇ ಕವಿತೆ, ಒಗಟು, ಚಿತ್ರಗಳನ್ನು ಬರೆದು ಅಂಟಿಸುತ್ತಿದ್ದ ಹಲಗೆ ಅದು. ಅಂದವಾಗಿ ಬರೆಯುವ ಕೆಲಸ ನನ್ನದು. ಸ್ಟೂಲು ಹತ್ತಿ ಬರೆಯುವಾಗ ಹಲಗೆಯ ಹಿಂದಿನಿಂದ ತಣ್ಣಗೆ ಗಾಳಿ ಬಂದು ನನ್ನ ಬೆರಳಿಗೆ ತಾಗುತ್ತಿತ್ತು.

ಮನೆಯಲ್ಲಿ ಹೇಳಿದೆ. ಗಲ್ಲಿಯ ತುದಿಯ ಹೋಟೆಲಿನಲ್ಲಿ ಮ್ಯಾನೇಜರಾಗಿದ್ದ ಅಪ್ಪ ನಮ್ಮ ಚಾಳಿನ ಗೋಡೆಯನ್ನೇ ತೋರಿಸಿ, ಬೊಂಬಾಯಿಯಲ್ಲಿ ಬಿರುಕಿಲ್ಲದ ಗೋಡೆ ಎಲ್ಲಿದೆ ಎಂದು ನಕ್ಕರು. ಆಮೇಲೆ ಅಮ್ಮನ ಹತ್ತಿರ ಸಣ್ಣ ದನಿಯಲ್ಲಿ ಮಾತಾಡಿದ್ದು ನನಗೆ ಕೇಳಿಸಿತು. ಆ ಶಾಲೆ ಜಾಗ ಬಿಡಬೇಕಾಗಿ ಬಂದರೆ ಮಕ್ಕಳನ್ನು ಮರಾಠಿ ಶಾಲೆಗೆ ಹಾಕಬೇಕು, ಇಲ್ಲವೇ ಊರಿಗೆ ಕಳಿಸಬೇಕು. ಅದಕ್ಕೇ ಹೆಡ್‌ಮಾಸ್ತರರು ಬಾಯಿ ಬಿಡುತ್ತಿಲ್ಲ ಎಂದರು.

ಆಗಸ್ಟ್ ಹದಿನೈದರ ಕಾರ್ಯಕ್ರಮಕ್ಕೆ ಹುಡುಗಿಯರ ಲೇಜಿಮ್ ಕುಣಿತವಿತ್ತು. ಕಲಿಸುತ್ತಿದ್ದವರು ಧಾರವಾಡದ ಕಡೆಯ ಒಬ್ಬ ಟೀಚರ್. ಸೆರಗನ್ನು ಸೊಂಟಕ್ಕೆ ಬಿಗಿದು, ಹಲಗೆ ವಾದ್ಯದ ಬಡಿತಕ್ಕೆ ತಾವೂ ಕುಣಿಯುವವರು. ಒಂದು ಮಧ್ಯಾಹ್ನ ಮಳೆ ಸುರಿಯುತ್ತಿತ್ತು. ನಾವೆಲ್ಲ ಒಟ್ಟಿಗೆ ಕಾಲು ಅಪ್ಪಳಿಸಿ, ಬಗ್ಗಿ, ಎದ್ದು, ಲೇಜಿಮ್ಮಿನ ಬಿಲ್ಲೆಗಳು ಝಲ್ಲೆನ್ನುವಂತೆ ಬೀಸುತ್ತಿದ್ದೆವು. ಟೀಚರ್ ಥಟ್ಟನೆ ಕೈ ಎತ್ತಿದರು. ನಾವು ನಿಂತೆವು. ಝಲ್ ಸದ್ದು ನಿಂತಿತು. ನೆಲ ಮಾತ್ರ ನಿಲ್ಲಲಿಲ್ಲ. ಬರಿಗಾಲಿನ ಅಡಿಯಲ್ಲಿ ಅದು ದೂರದಲ್ಲಿ ರೈಲು ಹೋದ ಹಾಗೆ ನಡುಗುತ್ತಲೇ ಇತ್ತು. ರೈಲು ಹೋಗುತ್ತಿರಲಿಲ್ಲ. ಟೀಚರ್ ಕುಕ್ಕರಗಾಲಲ್ಲಿ ಕುಳಿತು ಅಂಗೈಯನ್ನು ನೆಲಕ್ಕೆ ಒತ್ತಿದರು. ಬಹಳ ಹೊತ್ತು ಹಾಗೆಯೇ ಇದ್ದು, ತಲೆ ಎತ್ತದೆಯೇ ಹೇಳಿದರು.

"ಸಪ್ಪಳ ಮಾಡಬ್ಯಾಡ್ರಿ. ಲೇಜಿಮ್ ಅಲ್ಲೇ ಇಡ್ರಿ. ಒಬ್ಬೊಬ್ರಾಗಿ ಕೆಳಗ ಇಳೀರಿ."

ನಾವು ಗೋಡೆ ಹಿಡಿದುಕೊಂಡು ಇಳಿದೆವು. ಮೆಟ್ಟಿಲಿನ ತಿರುವಿನಲ್ಲಿ ಜವಾನರು ತಮ್ಮ ಸ್ಟೋವಿನ ಮುಂದೆ ಚಹಾ ಕಾಸುತ್ತಿದ್ದರು. ಯಾಕೆ ಇಷ್ಟು ಬೇಗ ಬಿಟ್ಟರು ಎಂದು ತುಳುವಿನಲ್ಲಿ ಕೇಳಿದರು. ನೆಲ ಅಲುಗಿತು ಎಂದೆ. ಅವರು ಸ್ಟೋವಿನ ಉರಿ ತಗ್ಗಿಸಿದರು.

ಆ ದಿನ ಟೀಚರಿಗೂ ಹೆಡ್‌ಮಾಸ್ತರರಿಗೂ ಮಾತಾಯಿತು. ಹೆಡ್‌ಮಾಸ್ತರರು ಕುಮಟಾದವರು, ಯಾರನ್ನೂ ಗದರದ ಮನುಷ್ಯ. ಅವರ ದನಿ ಏರಿದ್ದನ್ನು ನಾವು ಕೇಳಿದ್ದು ಅದೇ ಮೊದಲು. ಶಾಲೆಗೆ ಬೇರೆ ಜಾಗಕ್ಕಾಗಿ ತಾನು ಎಷ್ಟು ಕಡೆ ಕೇಳಿ ಬಂದಿದ್ದೇನೆ, ದಾದರ್‌ನಲ್ಲಿ ಏನೆಂದರು, ಸಯನ್‌ನಲ್ಲಿ ಏನೆಂದರು ಎಂದೆಲ್ಲ ಹೇಳುತ್ತಿದ್ದರು. ಕೊನೆಗೆ ರಾಜಿಯಾಯಿತು. ಲೇಜಿಮ್ ಗಲ್ಲಿಯಲ್ಲಿ, ಉಳಿದ ಕಾರ್ಯಕ್ರಮ ಹಾಲಿನಲ್ಲಿ.

ಆಗಸ್ಟ್ ಹದಿನೈದರಂದು ನಾವು ಮಳೆಯಲ್ಲಿ ನೆನೆಯುತ್ತ ಗಲ್ಲಿಯಲ್ಲಿ ಕುಣಿದೆವು. ಬಿಳಿ ಸಮವಸ್ತ್ರಕ್ಕೆ ಕೆಸರು ಸಿಡಿಯಿತು. ಆಮೇಲೆ ತಂದೆ ತಾಯಂದಿರು, ಚಿಕ್ಕ ಮಕ್ಕಳು, ಸೋದರತ್ತೆಯರು ಎಲ್ಲರೂ ಮೇಲೆ ಹಾಲಿಗೆ ಹೋದರು. ಟೀಚರ್ ನಮ್ಮನ್ನು ಕಳಿಸಲಿಲ್ಲ. ಒದ್ದೆ ಬಟ್ಟೆಯಲ್ಲಿ ಟ್ರಂಕಿನ ಅಂಗಡಿಯ ತಗಡಿನ ಕೆಳಗೆ ನಿಂತು ನಾವು ಮೇಲಿನ ಹಾಡು, ಚಪ್ಪಾಳೆ, ಬೆಂಚು ಎಳೆಯುವ ಸದ್ದು ಕೇಳಿದೆವು. ನನ್ನ ಅಮ್ಮ, ತಮ್ಮ ಅಲ್ಲಿದ್ದರು. ಪ್ರತಿ ಚಪ್ಪಾಳೆಗೂ ಟೀಚರ್ ತಲೆ ಎತ್ತಿ ಛಾವಣಿಯ ಅಂಚನ್ನು ನೋಡುತ್ತಿದ್ದರು. ನನಗೆ ಅವರ ಮುಖ ನೋಡಲಾಗುತ್ತಿರಲಿಲ್ಲ.

ಏನೂ ಆಗಲಿಲ್ಲ. ಎಲ್ಲರೂ ಲಾಡು ಹಿಡಿದು ನಗುತ್ತ ಇಳಿದು ಬಂದರು. ಹುಡುಗಿಯರಿಗೆ ನೆಗಡಿ ತರಿಸಿದ್ದಕ್ಕೆ ಕೆಲವು ತಾಯಂದಿರು ಟೀಚರನ್ನು ಎದುರಿಗೇ ಬೈದರು. ಅವರಿಗೆ ಮನಸ್ಸು ಸರಿಯಿಲ್ಲ ಎಂಬ ಮಾತೂ ಹಬ್ಬಿತು.

ಟೀಚರ್ ಸುಮ್ಮನಾಗಲಿಲ್ಲ. ತಾವೇ ಓಡಾಡಿ ವಾರ್ಡ್ ಆಫೀಸಿನಿಂದ ಇಬ್ಬರನ್ನು ಕರೆತಂದರು. ಅವರು ಗೋಡೆಯನ್ನು ಗೆಣ್ಣಿನಿಂದ ಬಡಿದು, ಸೀಮೆಸುಣ್ಣದಲ್ಲಿ ಗುರುತು ಮಾಡಿ, ಹಿಂಭಾಗಕ್ಕೆ ಆಸರೆಯ ಟೇಕು ಕೊಡಿ ಎಂದರು. ವಾರದೊಳಗೆ ಮೆಟ್ಟಿಲ ಬದಿಯಲ್ಲಿ ದಪ್ಪ ಮರದ ಕಂಬಗಳು ಎದ್ದವು. ಅವುಗಳನ್ನು ನೋಡಿ ಎಲ್ಲರಿಗೂ ಧೈರ್ಯ ಬಂತು. ಆರನೆಯ ಇಯತ್ತೆಯ ಬಾಗಿಲು ಈಗ ಪೂರ್ತಿ ಮುಚ್ಚುವುದನ್ನೇ ಬಿಟ್ಟಿತ್ತು. ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಟೀಚರ್ ಮಾತ್ರ ಒಂದು ರೂಢಿ ಮಾಡಿಕೊಂಡರು. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು ಗೇಟಿನಲ್ಲಿ ನಿಲ್ಲುವುದು, ಬೆಲ್ ಹೊಡೆಯುವವರೆಗೆ ಒಂದು ಮಗುವನ್ನೂ ಮೇಲೆ ಬಿಡದಿರುವುದು. ಹುಡುಗರು ಅವರ ಹಿಂದೆ ನಿಂತು ಅವರ ಹಾಗೆಯೇ ಕತ್ತು ಎತ್ತಿ ಅಣಕಿಸುತ್ತಿದ್ದರು.

ಗಣಪತಿ ಹಬ್ಬದ ರಜೆ ಮುಗಿದು ಶಾಲೆ ತೆರೆದ ಬೆಳಿಗ್ಗೆ ಮಳೆ ಇರಲಿಲ್ಲ. ಎಷ್ಟೋ ದಿನಗಳ ಮೇಲೆ ಬಿಸಿಲು ಬಂದಿತ್ತು. ನಾನು ಗ್ಯಾಲರಿಯಲ್ಲಿ ಕುಳಿತಿದ್ದೆ, ಅಮ್ಮ ಜಡೆ ಹಾಕುತ್ತಿದ್ದಳು. ಎದುರಿನ ಹಾಲಿನಲ್ಲಿ ಜವಾನರು ಕಿಟಕಿಗಳನ್ನು ಒಂದೊಂದಾಗಿ ತೆರೆಯುತ್ತಿದ್ದರು. ನನ್ನನ್ನು ಕಂಡು, ಹೊತ್ತಾಯಿತು ಬಾ ಎಂಬಂತೆ ಕೈ ಬೀಸಿದರು. ಆಮೇಲೆ ಹಿಂದಿನ ಕಿಟಕಿಯತ್ತ ಹೋದರು. ಆ ಕಿಟಕಿ ತೆರೆಯಲಿಲ್ಲ.

ಸದ್ದು ನಾನು ಊಹಿಸಿದ್ದಕ್ಕಿಂತ ಚಿಕ್ಕದಾಗಿತ್ತು. ಯಾರೋ ಮಾಳಿಗೆಯಿಂದ ಮೂಟೆ ಮೂಟೆ ತೆಂಗಿನಕಾಯಿ ಸುರಿದ ಹಾಗೆ. ತೆರೆದಿದ್ದ ಕಿಟಕಿಗಳಿಂದ ಬಿಳಿ ಧೂಳು ಉಸಿರಿನಂತೆ ಹೊರಬಂತು. ಅದು ಇಳಿದಾಗ, ಕಿಟಕಿಗಳ ಆಚೆ ಗೋಡೆ ಇರಬೇಕಾದಲ್ಲಿ ಆಕಾಶ ಕಾಣುತ್ತಿತ್ತು. ಬಿಲ್ಡಿಂಗಿನ ಹಿಂಭಾಗ ಮೆಟ್ಟಿಲಿನ ಸಮೇತ ಕುಸಿದಿತ್ತು.

ಗೇಟಿನಲ್ಲಿ ಮಕ್ಕಳು ಪಾಟಿಚೀಲ ಹೊತ್ತು ನಿಂತಿದ್ದರು. ಬೆಲ್ ಆಗಿರಲಿಲ್ಲ. ಟೀಚರ್ ಕೂಗಲಿಲ್ಲ. ಎಲ್ಲರೂ ಕೈ ಕೈ ಹಿಡಿಯಿರಿ, ಹಿಂದೆ ತಿರುಗಬೇಡಿ ಎಂದು, ಲೇಜಿಮ್ಮಿನ ಸಾಲು ನಡೆಸಿದಂತೆ ಅವರನ್ನು ನಡೆಸಿಕೊಂಡು ದೊಡ್ಡ ರಸ್ತೆಯವರೆಗೆ ಹೋದರು. ಅಪ್ಪನ ಹೋಟೆಲಿನ ಬೆಂಚುಗಳ ಮೇಲೆ ಕೂರಿಸಿ ಹಾಲು ಕುಡಿಸಿದರು.  ಆಮೇಲೆ ತಮ್ಮ ಲೋಟ ಮುಟ್ಟದೆ ಮತ್ತೊಮ್ಮೆ ತಲೆ ಎಣಿಸಿದರು.

ಜವಾನರನ್ನು ಸಂಜೆ ಹೊರತೆಗೆದರು. ಆಗಲೇ ಪ್ರಾಣ ಹೋಗಿತ್ತು.

ಅವರ ಹೆಂಡತಿ ಊರಿನಿಂದ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆಕೆಗೆ ತುಳು ಬಿಟ್ಟು ಬೇರೆ ಮಾತು ಬರುತ್ತಿರಲಿಲ್ಲ. ಕರೆತಂದ ನೆಂಟ ಕೆಲಸಕ್ಕೆ ಹೋಗಬೇಕಿತ್ತು. ಅಪ್ಪನಿಗೆ ಹೋಟೆಲು ಬಿಡುವಂತಿರಲಿಲ್ಲ. ಹೀಗಾಗಿ ಟೀಚರ್ ನನ್ನನ್ನು ಕರೆದರು. ಗಂಡ ಇದ್ದ ಜಾಗ ನೋಡಬೇಕು ಎಂದು ಆಕೆ ಕೇಳಿದ್ದರು. ಹೆಡ್‌ಮಾಸ್ತರರು, ಟೀಚರ್, ಆಕೆ, ನಾನು ಹಗ್ಗ ಕಟ್ಟಿದ ಗೇಟಿನ ಈಚೆ ನಿಂತೆವು. ಮೆಟ್ಟಿಲಿನ ತಿರುವು ಎಲ್ಲಿತ್ತು ಎಂದು ನಾನು ಗಾಳಿಯಲ್ಲಿ ಬೆರಳು ಮಾಡಿ ತೋರಿಸಬೇಕಾಯಿತು. ಅಲ್ಲಿ ಏನೂ ಉಳಿದಿರಲಿಲ್ಲ.

ಆಕೆ ಬಹಳ ಹೊತ್ತು ನೋಡಿದರು. ಅಳಲಿಲ್ಲ. ಆಮೇಲೆ ಹೆಡ್‌ಮಾಸ್ತರರ ಕಡೆಗೆ ತಿರುಗಿ ಕೇಳಿದರು.

"ಆರೆಗ್ ಗೊತ್ತಿತ್ತ್ಂಡಾ?"

ಹೆಡ್‌ಮಾಸ್ತರರು ನನ್ನ ಮುಖ ನೋಡಿದರು. ಬೀಳುತ್ತದೆ ಎಂದು ತಮ್ಮ ಗಂಡನಿಗೆ ಗೊತ್ತಿತ್ತೇ ಅಂತ ಕೇಳುತ್ತಿದ್ದಾರೆ ಎಂದೆ. ಟೀಚರ್ ನನ್ನ ಹೆಗಲ ಮೇಲೆ ಕೈ ಇಟ್ಟರು.  ಹೆಡ್‌ಮಾಸ್ತರರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಗೊತ್ತಿತ್ತು ಹೇಳು. ನಮಗೆಲ್ಲರಿಗೂ ಗೊತ್ತಿತ್ತು ಹೇಳು."

ಹನ್ನೆರಡರ ವಯಸ್ಸಿನ ನನ್ನ ನಾಲಿಗೆಯ ಮೇಲೆ ಆ ಮಾತು ತುಳುವಾಗುವುದಕ್ಕೆ ಹೊತ್ತು ಹಿಡಿಯಿತು. ಹೇಳಿದೆ. ಆಕೆ ತಲೆ ಅಲ್ಲಾಡಿಸಿದರು. ಅವರಿಗೆ ಅದು ಹೊಸ ಸುದ್ದಿಯಾಗಿರಲಿಲ್ಲವೇನೋ. ಊರಿಗೆ ಬರೆದ ಕಾಗದದಲ್ಲಿ ಗಂಡ ಹೇಳಿರಬಹುದು. ಮಕ್ಕಳಿಗೆ ಯಾರಿಗಾದರೂ ಪೆಟ್ಟಾಯಿತೇ ಎಂದಷ್ಟೇ ಕೇಳಿದರು. ಯಾರಿಗೂ ಆಗಲಿಲ್ಲ, ನಾವೆಲ್ಲ ಕೆಳಗೇ ಇದ್ದೆವು ಎಂದೆ. ಆಕೆ ನನ್ನ ಜಡೆಯನ್ನು ಒಮ್ಮೆ ಸವರಿ, ಬಸ್ಸಿಗೆ ಹೊತ್ತಾಯಿತು ಎಂದರು.

ದೀಪಾವಳಿ ಆದ ಮೇಲೆ ಸಯನ್‌ನ ಒಂದು ಶಾಲೆಯಲ್ಲಿ ಮಧ್ಯಾಹ್ನದ ಪಾಳಿಗೆ ನಮಗೆ ಎರಡು ಕೋಣೆ ಸಿಕ್ಕಿದವು. ಮೊದಲು ಯಾರೂ ಕೊಡದಿದ್ದ ಜಾಗವನ್ನು ಈಗ ಕರೆದು ಕೊಟ್ಟರು. ಅರ್ಧಕ್ಕಿಂತ ಹೆಚ್ಚು ಮಕ್ಕಳು ಬರಲಿಲ್ಲ. ಬಿಜಾಪುರದ ಗೆಳತಿಯ ಮನೆಯವರು ಅವಳನ್ನು ಶಾಲೆ ಬಿಡಿಸಿದರು ಎಂದು ಕೇಳಿದೆ. ಅವಳನ್ನು ಮತ್ತೆ ನೋಡಲಿಲ್ಲ. ಲೋಕಲ್‌ನಲ್ಲಿ ಬರುವ ನಮ್ಮನ್ನು ರಸ್ತೆ ದಾಟಿಸಲು ಹೆಡ್‌ಮಾಸ್ತರರು ದಿನವೂ ಸ್ಟೇಷನ್ನಿಗೆ ಬಂದು ನಿಲ್ಲುತ್ತಿದ್ದರು. ಅವರ ಕೂದಲು ಆ ಒಂದೇ ಚಳಿಗಾಲದಲ್ಲಿ ಬೆಳ್ಳಗಾಯಿತು. ಟೀಚರ್ ಮತ್ತು ಅವರು ಮಕ್ಕಳ ಮುಂದೆ ಕೆಲಸದ ಮಾತು ಬಿಟ್ಟು ಬೇರೆ ಆಡಿದ್ದನ್ನು ನಾನು ಕೇಳಲಿಲ್ಲ. ಆ ವರ್ಷ ಶಾಲೆಯ ವಾರ್ಷಿಕ ಗ್ಯಾದರಿಂಗ್ ಇರಲಿಲ್ಲ. ಮಾರ್ಚ್‌ನಲ್ಲಿ ನಾವು ಏಳನೆಯವರು ಪರೀಕ್ಷೆ ಬರೆದು, ಒಂದು ಫೋಟೋ ಕೂಡ ತೆಗೆಸಿಕೊಳ್ಳದೆ, ಬೇರೆ ಬೇರೆ ಶಾಲೆಗಳಿಗೆ ಚದುರಿಹೋದೆವು.