ಇಂಡಿ ಬಸ್ಸಿಗೆ ಜೋಡಿ

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ಮೇಲೆ ನಮ್ಮೂರ ಹೈಸ್ಕೂಲಿನಲ್ಲಿ ಒಂದು ಕೋಣೆ ತೆರೆದು ನನ್ನನ್ನು ಕೂಡಿಸುತ್ತಾರೆ. ಮಕ್ಕಳು ಬಂದು ಮುಂದೆ ಯಾವ ವಿಷಯ ತೆಗೆದುಕೊಳ್ಳಬೇಕು, ಅದರಿಂದ ಏನಾಗಬಹುದು ಎಂದು ಕೇಳುತ್ತಾರೆ. ಆರಿಸಿದ್ದನ್ನು ನಾನು ಅವರ ಕಾಲೇಜಿನ ಅರ್ಜಿಯಲ್ಲಿ ಬರೆದುಕೊಡುತ್ತೇನೆ. ನಾನು ಅಲ್ಲಿ ಅತಿಥಿ ಶಿಕ್ಷಕ, ಸಮಾಜ ವಿಜ್ಞಾನ ಕಲಿಸುವವನು. ಏಳನೆಯ ತರಗತಿಗೆ ಶಾಲೆ ಬಿಟ್ಟು ಹಿಟ್ಟಿನ ಗಿರಣಿ ನಡೆಸಿ, ಮೂವತ್ತು ದಾಟಿದ ಮೇಲೆ ಹೊರಗಿನಿಂದ ಪರೀಕ್ಷೆ ಕಟ್ಟಿ ಎಸ್ಸೆಸ್ಸೆಲ್ಸಿ ಪಾಸಾದೆ, ಆಮೇಲೆ ಬಿ.ಎ., ಬಿ.ಎಡ್. ಮುಗಿಸಿದೆ. ತಡವಾಗಿ ದಾರಿ ಹುಡುಕಿದವನಿಗೆ ಬೇರೆಯವರ ದಾರಿಯೂ ಕಾಣುತ್ತದೆ ಎಂದು ಹೆಡ್ ಮಾಸ್ತರರ ನಂಬಿಕೆ.

ಕಳೆದ ವರ್ಷ ಆ ಕೋಣೆಯಲ್ಲಿ ಕುಳಿತಾಗ ಹೆಂಡತಿ ತೀರಿಕೊಂಡು ಬಹಳ ದಿನ ಆಗಿರಲಿಲ್ಲ. ಅಳು ಬರುತ್ತಿರಲಿಲ್ಲ. ಊಟದ ರುಚಿಯೂ ಹತ್ತುತ್ತಿರಲಿಲ್ಲ. ಗಿರಣಿ ಬಂದ್ ಮಾಡಿದ ಮೇಲೆ ಸ್ವಲ್ಪ ಹೊತ್ತು ಕಿವಿಗೆ ಏನೂ ಕೇಳಿಸುವುದಿಲ್ಲ. ನನ್ನ ಮನಸ್ಸಿಗೆ ಅಂಥದೇ ಕಿವುಡು ಹಿಡಿದು ಹಾಗೇ ನಿಂತುಬಿಟ್ಟಿತ್ತು.

ಮೊದಮೊದಲು ಈ ಕೋಣೆಯಲ್ಲಿ ಕುಳಿತಾಗ ಪ್ರತಿ ಹುಡುಗಿಗೂ "ನಿನಗ ಯಾವುದು ಇಷ್ಟ?" ಎಂದು ಕೇಳುತ್ತಿದ್ದೆ. ಈಗ ಮೊದಲು ಕೇಳುವುದು, "ಜೋಡಿ ಯಾರದಾರ?" ನಮ್ಮೂರಲ್ಲಿ ಪಿಯು ಕಾಲೇಜಿಲ್ಲ, ಇಂಡಿಗೆ ಬಸ್ಸಿನಲ್ಲಿ ಹೋಗಬೇಕು. ಹುಡುಗಿಯನ್ನು ಒಬ್ಬಳನ್ನೇ ಯಾರೂ ಕಳಿಸುವುದಿಲ್ಲ. ಅದೇ ಓಣಿಯ ಇನ್ನೊಬ್ಬಳು ಅದೇ ಕ್ಲಾಸಿಗೆ ಹೋಗಬೇಕು, ಇಬ್ಬರಿಗೂ ಒಂದೇ ಹೊತ್ತಿಗೆ ಕ್ಲಾಸು ಬಿಡಬೇಕು. ಹಾಗಾಗಿ ಹುಡುಗಿಯರು ವಿಷಯ ಆರಿಸುವುದು ಜೋಡಿ ಜೋಡಿಯಾಗಿ. ಒಬ್ಬಳು ಆರ್ಟ್ಸ್ ಎಂದರೆ ಇನ್ನೊಬ್ಬಳೂ ಆರ್ಟ್ಸ್.

ಕಳೆದ ವರ್ಷ ಒಂದು ದಿನ ದರ್ಜಿಯ ಮಗಳು ಬಂದಳು. ವಿಜ್ಞಾನದಲ್ಲಿ ಶಾಲೆಗೇ ಮೊದಲು. ಜೊತೆಗೆ ಓಣಿಯ ಗೆಳತಿ, ಲಿಂಬೆ ತೋಟದವರ ಮಗಳು. ಹಿಂದೆ ದರ್ಜಿ, ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು.

"ಸರ್, ನಂಗ ಸೈನ್ಸ್ ಬೇಕ್ರಿ," ಎಂದಳು ದರ್ಜಿಯ ಮಗಳು. "ರಕ್ತ ಪರೀಕ್ಷಾ ಮಾಡೋ ಕೋರ್ಸ್ ಐತಲ್ರಿ, ಅದಕ್ಕ ಹೋಗ್ತೇನಿ."

"ಜೋಡಿ ಯಾರದಾರವಾ?"

ಅವಳು ಗೆಳತಿಯನ್ನು ನೋಡಿದಳು. ಗೆಳತಿ ತಲೆಯ ಮೇಲಿನ ಫ್ಯಾನು ನೋಡಿದಳು.

"ನನ್ನ ಕೇಳಬ್ಯಾಡ್ರಿ ಸರ್. ಗಣಿತ ಪುಸ್ತಕ ಕಂಡ್ರ ನಂಗ ಹೊಟ್ಟಿ ತೊಳಸ್ತೈತಿ. ಪಾಸಾಗೀನಿ ಅಂತ ನಮ್ಮವ್ವಗ ಇನ್ನೂ ನಂಬಿಕಿ ಬಂದಿಲ್ಲ."

ದರ್ಜಿ ಟೇಪಿನ ತುದಿಯನ್ನು ಬೆರಳಿಗೆ ಸುತ್ತುತ್ತ ಹೇಳಿದ, "ಮಗಳು ಶ್ಯಾಣ್ಯಾಕಿ ಅದಾಳ, ನಂಗೂ ಗೊತ್ತೈತ್ರಿ ಸರ್. ಆದ್ರ ಒಬ್ಬಾಕಿನ್ನ ಬಸ್ಸಿಗೆ ಹತ್ತಸಾಕ ಆಗೂದಿಲ್ಲ. ಅಕಿ ಆರ್ಟ್ಸ್ ತಗೊಂಡ್ರ ಇಕಿಗೂ ಆರ್ಟ್ಸ್ ಬರೀರಿ."

"ಹಂಗಾದ್ರ ನಾನೂ ಸೈನ್ಸ್ ತಗೋತೇನಿ ಬಿಡ್ರಿ," ಎಂದಳು ಗೆಳತಿ.

ದರ್ಜಿಯ ಮಗಳು ಅವಳ ತೋಳಿಗೆ ಹೊಡೆದಳು. "ಹುಚ್ಚಿ ಏನ್ಲೇ ನೀ? ಫೇಲಾಗಿ ಮನ್ಯಾಗ ಕುಂತ್ರ ಆಮ್ಯಾಲ ನಂಗ ಜೋಡಿ ಯಾರು?"

"ನೋಡ್ರಿ ಸರ್, ನಾ ಫೇಲಾಗೋ ಚಿಂತಿ ಇಲ್ಲ ಇಕಿಗೆ. ಬರೇ ಬಸ್ಸಿನ ಚಿಂತಿ!"

ಬೇರೆ ವರ್ಷವಾಗಿದ್ದರೆ ನಗುತ್ತಿದ್ದೆ. ಆರ್ಟ್ಸ್ ಓದಿದರೂ ಟೀಚರ್ ಆಗಬಹುದು, ಪೊಲೀಸ್ ಆಗಬಹುದು ಎಂದು ಹೇಳತೊಡಗಿದೆ. ಮಾತುಗಳು ತಾವೇ ಬರುತ್ತಿದ್ದವು. ದರ್ಜಿಯ ಮಗಳು ಹೂಂ ಅನ್ನುತ್ತ ಕೇಳಿದಳು. ಅಳಲಿಲ್ಲ. ಮುಖದಲ್ಲಿ ಏನೂ ಇರಲಿಲ್ಲ. ಆ ತಿಂಗಳುಗಳಲ್ಲಿ ಕನ್ನಡಿಯಲ್ಲಿ ನನಗೆ ಕಾಣುತ್ತಿದ್ದ ಮುಖದ ಹಾಗೆಯೇ ಇತ್ತು. ನಾನು ಮಾತು ನಿಲ್ಲಿಸಿದೆ.

ಕಿಟಕಿಯಾಚೆ ಬೇವಿನ ಮರ ಇತ್ತು. ನಾನು ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದದ್ದು ಸಿಂದಗಿಯಲ್ಲಿ. ಸಣ್ಣ ಹುಡುಗರ ನಡುವೆ ಹೋಗಿ ಕೂಡಲು ನಾಚಿಕೆ, ಹೋಗುವುದೇ ಇಲ್ಲ ಎಂದು ಹಟ ಹಿಡಿದಿದ್ದೆ. ಹೆಂಡತಿ ಬುತ್ತಿ ಕಟ್ಟಿಕೊಂಡು ನನ್ನ ಜೊತೆ ಬಸ್ಸು ಹತ್ತಿದಳು. ಎಲ್ಲ ಪೇಪರು ಮುಗಿಯುವವರೆಗೂ ಶಾಲೆಯ ಹೊರಗೆ ಇಂಥದೇ ಒಂದು ಬೇವಿನ ಮರದ ಕೆಳಗೆ ಕುಳಿತಳು. ಹೇಗೆ ಬರೆದೆ ಎಂದು ಒಂದು ದಿನವೂ ಕೇಳಲಿಲ್ಲ. "ಮುಗೀತೇನ್ರಿ? ಹಸಿವಾಗಿರಬೇಕು, ಬರ್ರಿ," ಅಷ್ಟೇ.

ನಾನು ಗೆಳತಿಯ ಕಡೆ ತಿರುಗಿದೆ. "ಕಾಲೇಜು ಒಂದ ಐತೆವಾ. ಮಧ್ಯಾಹ್ನದ ತನಕ ಇಬ್ರಿಗೂ ಕ್ಲಾಸು. ಆಮ್ಯಾಲ ಲ್ಯಾಬ್ ಇದ್ದ ದಿನ ಅಷ್ಟ ಅಕಿಗೆ ತಡಾ ಆಗತೈತಿ. ನೀ ಆರ್ಟ್ಸ್ ತಗೊಂಡು, ಅವತ್ತು ಹೊರಗ ಕುಂತು ಕಾಯ್ತಿಯೇನು?"

"ಎಷ್ಟೊತ್ರಿ?"

"ಸಂಜಿ ಬಸ್ಸಿನ ತನಕ."

ಅವಳು ಸ್ವಲ್ಪ ವಿಚಾರ ಮಾಡಿದಳು. "ಉಪಾಸ ಕುಂಡ್ರಾಕಿ ಅಲ್ಲ ಮತ್ತ ನಾ. ಅಕಿ ಭಜಿ ಕೊಡಸಬೇಕು."

"ನಿಮ್ಮ ಮನ್ಯಾಗ ಒಪ್ಪಬೇಕಲ್ವಾ?" ಎಂದ ದರ್ಜಿ.

"ಲಗೂ ಮನಿಗಿ ಹೋದ್ರ ಲಿಂಬಿಹಣ್ಣ ಆರಸಾಕ ಹಚ್ತಾರ ಕಾಕಾ. ಕಾಯೋದ ಚಲೋ. ನೀವು ಬಂದು ನಮ್ಮಪ್ಪನ ಕೂಡ ಮಾತಾಡ್ರಿ."

ದರ್ಜಿ ಆ ಸಂಜೆಯೇ ತೋಟಕ್ಕೆ ಹೋದನಂತೆ. ಮರುದಿನ ಬಾಗಿಲಲ್ಲೇ ನಿಂತು, "ಒಪ್ಯಾರ್ರಿ. ಸೈನ್ಸ್ ಬರೀರಿ," ಎಂದ. ನಾನು ಬರೆದೆ. ಖುಷಿ ಆಗಬೇಕಿತ್ತು. ಆಗಲಿಲ್ಲ. ಮುಂದಿನ ಹುಡುಗನನ್ನು ಒಳಗೆ ಕರೆದೆ.

ಮಳೆಗಾಲದಲ್ಲಿ ಕೆಲಸದ ಮೇಲೆ ಇಂಡಿಗೆ ಹೋದಾಗ ಕಾಲೇಜಿನೊಳಗೆ ಹೋದೆ. ಲ್ಯಾಬಿನ ಬಾಗಿಲು ಮುಚ್ಚಿತ್ತು. ಹೊರಗಿನ ಮೆಟ್ಟಿಲ ಮೇಲೆ ಲಿಂಬೆ ತೋಟದ ಹುಡುಗಿ ಕುಳಿತಿದ್ದಳು. ಮಡಿಲಲ್ಲಿ ಇತಿಹಾಸದ ಪುಸ್ತಕ, ಅದರ ಮೇಲೆ ಶೇಂಗಾ ಸಿಪ್ಪೆ.

"ಒಳಗ ಇಷ್ಟೊತ್ತು ಏನ್ ಮಾಡ್ತಾರ್ರಿ ಸರ್?"

"ನಂಗೇನ ಗೊತ್ತವಾ. ನಾನೂ ಆರ್ಟ್ಸ್."

ಅವಳು ನಕ್ಕು ಸರಿದು ಜಾಗ ಕೊಟ್ಟಳು. ಕುಳಿತೆ. ಒಂದು ಹಿಡಿ ಶೇಂಗಾ ನನ್ನ ಕೈಗೆ ಹಾಕಿದಳು. ತಿಂದೆ. ಹುರಿದದ್ದು ಸ್ವಲ್ಪ ಹೆಚ್ಚಾಗಿತ್ತು, ಕಹಿ ಇತ್ತು. ಕಹಿ ಎಂದು ನಾಲಿಗೆಗೆ ತಿಳಿಯಿತು.

ಬಾಗಿಲು ತೆರೆದು ದರ್ಜಿಯ ಮಗಳು ಹೊರಗೆ ಬಂದಳು. ಬೆರಳ ತುದಿಗಳು ಯಾವುದೋ ಔಷಧಕ್ಕೆ ಹಳದಿಯಾಗಿದ್ದವು.

"ಮುಗೀತೇನ್ಲೇ?" ಎಂದು ಗೆಳತಿ ಸಿಪ್ಪೆ ಕೊಡವಿ ಎದ್ದಳು. "ನಡಿ, ಹಸಿವಾಗೈತಿ."

ಇಬ್ಬರೂ ಗೇಟಿನ ತನಕ ಓಡಿದರು. ನಾನು ಮೆಟ್ಟಿಲ ಮೇಲೆಯೇ ಇದ್ದೆ. ದರ್ಜಿಯ ಮಗಳು ತಿರುಗಿ ನೋಡಿ ಕೂಗಿದಳು, "ಸರ್, ಯಾಕ ಕುಂತ್ರಿ? ಬಸ್ ತಪ್ಪತೈತಿ, ಲಗೂ ಬರ್ರಿ!"

ಎದ್ದು ಅವರ ಹಿಂದೆ ನಡೆದೆ.