ಕೆನ್ನೆಯ ಒಂದು ತುಣುಕು

ಯಾದಗಿರಿಯ ನಮ್ಮ ಪ್ರಯೋಗಾಲಯದ ಲೇಸರ್ ಸೂಕ್ಷ್ಮದರ್ಶಕ ಯಾರೊಬ್ಬರ ಸೊತ್ತೂ ಅಲ್ಲ. ಕ್ಯಾನ್ಸರ್ ಸಂಶೋಧಕರೂ ಅದರ ಮುಂದೆ ಕೂರುತ್ತಾರೆ, ತೊಗರಿ ಬೇರಿನ ರೋಗ ನೋಡಲು ಭೀಮರಾಯನಗುಡಿಯಿಂದ ಬರುವ ಅಧ್ಯಾಪಕಿಯೂ ಕೂರುತ್ತಾರೆ. ಎಲ್ಲರಿಗೂ ಸರದಿ. ಯಂತ್ರ ನಡೆಸುವವಳು ನಾನು.

ಆ ದಿನ ಬೆಳಗ್ಗೆ ಸುರಪುರದ ಒಬ್ಬ ಹೆಂಗಸಿಗೆ ಪಕ್ಕದ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾಗಿತ್ತು. ಕೆನ್ನೆಯೊಳಗಿನ ಕ್ಯಾನ್ಸರ್ ಗಡ್ಡೆ. ತಪಾಸಣೆಗೆ ಕಳಿಸಿ ಉಳಿದದ್ದರಲ್ಲಿ ಒಂದು ತುಣುಕನ್ನು ನಮಗೆ ಕೊಡಲು ಆಕೆ ಹಿಂದಿನ ದಿನವೇ ಒಪ್ಪಿದ್ದರು. "ನನಗಾದದ್ದು ಇನ್ನೊಬ್ಬರಿಗೆ ಆಗೂದು ಬ್ಯಾಡ, ತಗೋರಿ," ಅಂದಿದ್ದರು. ಹೊಸ ಔಷಧಿಯೊಂದು ಜೀವಂತ ಗಡ್ಡೆಯೊಳಗೆ ಎಷ್ಟು ಆಳಕ್ಕೆ ಇಳಿಯುತ್ತದೆಂದು ನಾವು ನೋಡಬೇಕಿತ್ತು. ಅದಕ್ಕಾಗಿ ಔಷಧಿಗೆ ಹೊಳೆಯುವ ಹಸಿರು ಬಣ್ಣ ಸೇರಿಸಿದ್ದೆವು. ದೇಹದಿಂದ ಬೇರೆಯಾದ ಜೀವಕೋಶಗಳು ಬಹಳ ಹೊತ್ತು ಬದುಕುವುದಿಲ್ಲ. ಸಂಜೆಯೊಳಗೆ ಮುಗಿಸಲೇಬೇಕು.

ಪರದೆಯ ಮೇಲೆ ಮೊದಲ ಹಸಿರು ಚುಕ್ಕೆಗಳು ಮೂಡುತ್ತಿದ್ದಾಗ ಯಾರೋ ಬಾಗಿಲು ಬಡಿದರು. ಆಕೆಯ ಗಂಡ. ಸುರಪುರದಲ್ಲಿ ಹತ್ತಿ ತುಂಬಿ ಗಾದಿ, ಹಾಸಿಗೆ ಹೊಲಿಯುವವರು. ಟೋಪಿಯ ಅಂಚಿಗೆ ಹತ್ತಿಯ ಎಳೆ ಅಂಟಿತ್ತು.

"ಮೇಡಂರಿ, ನಮ್ಮ ಮನ್ಯಾಕಿ ಮಾಂಸದ ತುಂಡು ನಿಮ್ಮ ಹತ್ರ ಐತಂತ. ವಾಪಸ್ ಕೊಡ್ರಿ."

"ಚಾಚಾ, ಚಾಚೀನೇ ಕೊಟ್ಟಾರ್ರಿ. ಜಾಂಚ್ ನಡದೈತಿ, ನೋಡಾಕತ್ತೀವಿ."

"ಕೊಟ್ಟಿರಬೇಕು. ನನಗ ಹೇಳಿಲ್ಲ. ದೇಹದ ಹಿಸ್ಸಾ ಅದು, ದಫನ್ ಮಾಡಬೇಕ್ರಿ, ಮಣ್ಣಾಗ ಇಡಬೇಕು. ನೀವು ಕಚರಾದಾಗ ಒಗದ್ರ ನಾ ಏನ್ ಮಾಡ್ಲಿ?"

ದನಿ ಏರಿರಲಿಲ್ಲ. ಆದರೆ ಹಿಡಿದ ಬಾಗಿಲ ಚೌಕಟ್ಟು ಬಿಡಲಿಲ್ಲ. ಈಗ ನಿಲ್ಲಿಸಿದರೆ ಆ ತುಣುಕು ನಮಗೆ ಮತ್ತೆ ಸಿಗುವುದಿಲ್ಲ. ಆದರೂ ಅವರನ್ನು ಹೊರಗೆ ನಿಲ್ಲಿಸಿ ಬಾಗಿಲು ಹಾಕಿಕೊಳ್ಳಲು ಮನಸ್ಸು ಬರಲಿಲ್ಲ. ತುಣುಕು ಆಕೆಯದು, ಆಕೆಯನ್ನೇ ಕೇಳೋಣ ಎಂದೆ. ಲೇಸರ್ ಆರಿಸಿ, ತುಣುಕಿದ್ದ ಗಾಜಿನ ತಟ್ಟೆಯನ್ನು ಯಂತ್ರದ ಬೆಚ್ಚಗಿನ ಪೆಟ್ಟಿಗೆಯಲ್ಲೇ ಬಿಟ್ಟು, ಅವರ ಜೊತೆ ವಾರ್ಡಿಗೆ ಓಡಿದೆ.

"ಇನ್ನೂ ಪೂರಾ ಎಚ್ಚರ ಆಗಿಲ್ರಿ. ಕೂಡ್ರಿ," ಅಂದರು ನರ್ಸ್.

ಬೆಂಚಿನ ಮೇಲೆ ಕೂತೆವು. ಅಲ್ಲಿ ಪೆಟ್ಟಿಗೆಯಲ್ಲಿ ಕೋಶಗಳು ಒಂದೊಂದಾಗಿ ಸಾಯುತ್ತಿರುತ್ತವೆ ಎಂಬುದು ನನ್ನ ತಲೆಯಲ್ಲಿ ಗುಂಯ್‌ಗುಡುತ್ತಿತ್ತು. ಅಷ್ಟರಲ್ಲಿ ಅಧ್ಯಾಪಕಿಯ ಫೋನ್. ಮುಂದಿನ ಸರದಿ ಅವರದು. ಆಗಲೇ ಬಂದು ಕೋಣೆಯ ಮುಂದೆ ನಿಂತಿದ್ದರು. ವಿಷಯ ಹೇಳಿದೆ. "ನನ್ನ ಬೇರು ನಾಳಿತನಕ ತಾಳ್ತಾವ. ನೀವು ಮುಗಿಸ್ಕೋರಿ," ಎಂದರು.

ಫೋನ್ ಇಟ್ಟ ಮೇಲೆ ಚಾಚಾ ನನ್ನ ಕಡೆ ನೋಡದೆ ಕೇಳಿದರು: "ಆಕಿ ಇನ್ನ ಮಾತಾಡ್ತಾಳೇನ್ರಿ?"

ಅವರನ್ನು ತಿನ್ನುತ್ತಿದ್ದುದು ಇದು ಎಂದು ಆಗ ಹೊಳೆಯಿತು.

"ನಾಲಿಗಿ ಮುಟ್ಟಿಲ್ಲಂತ ಡಾಕ್ಟರ್ ಹೇಳ್ಯಾರ್ರಿ."

ಆಕೆ ಕಣ್ಣು ಬಿಟ್ಟು ನಮ್ಮ ಗುರುತು ಹಿಡಿಯುವ ಹೊತ್ತಿಗೆ ಬಿಸಿಲು ಇಳಿಯುತ್ತಿತ್ತು. ಬಾಯಿ ತುಂಬ ಪಟ್ಟಿ. ಗಂಡ ಬಗ್ಗಿ ದಖ್ಖನಿ ಉರ್ದುವಿನಲ್ಲಿ ಮೆಲ್ಲಗೆ ಕೇಳಿದರು. ಆಕೆ ನನ್ನತ್ತ ಬೆರಳು ಮಾಡಿ, ತನ್ನ ಕಣ್ಣು ಮುಟ್ಟಿಕೊಂಡರು. ಆಮೇಲೆ ಮುಷ್ಟಿ ಮಾಡಿ ಅದನ್ನು ಗಂಡನ ಅಂಗೈಯಲ್ಲಿಟ್ಟರು.

"ಮೊದಲ ನೀವು ನೋಡಬೇಕಂತ, ಆಮ್ಯಾಗ ನನಗ ಕೊಡಬೇಕಂತ," ಎಂದು ಅವರೇ ಬಿಡಿಸಿ ಹೇಳಿದರು. "ಹಂಗಾದ್ರ ನಡೀರಿ, ಲಗೂ ಮಾಡ್ರಿ."

ಅವರನ್ನೂ ಸೂಕ್ಷ್ಮದರ್ಶಕದ ಕೋಣೆಯೊಳಗೆ ಕರೆದು ಪಕ್ಕದಲ್ಲಿ ಕೂರಿಸಿಕೊಂಡೆ. ಅಂಚಿನ ಎಷ್ಟೋ ಕೋಶಗಳು ಆಗಲೇ ಸತ್ತಿದ್ದವು, ನಡುವಿನವು ಬದುಕಿದ್ದವು. ಹಸಿರು ಬಣ್ಣ ತುಣುಕಿನ ಸುತ್ತ ಬಳೆಯಂತೆ ನಿಂತಿತು. ಒಳಗೆಲ್ಲ ಕತ್ತಲು.

"ಹಸರು ಅಂದ್ರ ಔಷಧಿ ಏನ್ರಿ?"

"ಹೌದ್ರಿ."

"ಒಳಗ ಹೋಗವಲ್ದಲ್ಲರಿ."

"ಹೋಗವಲ್ದು, ಚಾಚಾ."

ಇಬ್ಬರೂ ಪರದೆಯನ್ನೇ ನೋಡುತ್ತ ಕೂತೆವು. ಕೊನೆಯ ಚಿತ್ರ ತೆಗೆದಾದ ಮೇಲೆ ಡಾಕ್ಟರ ಅನುಮತಿ ಪಡೆದು, ತುಣುಕನ್ನು ತೊಳೆದು ಕೊಟ್ಟೆ. ಅವರು ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ಎರಡೂ ಕೈಯಲ್ಲಿ ಹಿಡಿದು ಸುರಪುರದ ಬಸ್ಸಿಗೆ ನಡೆದರು.

ಆ ಔಷಧಿ ಒಳಗೆ ಏಕೆ ಇಳಿಯಲಿಲ್ಲವೆಂದು ಇನ್ನೂ ಹುಡುಕುತ್ತಿದ್ದೇವೆ. ಈಗ ತುಣುಕು ಕೇಳುವ ಮುನ್ನ, ಉಳಿದದ್ದನ್ನು ಏನು ಮಾಡಬೇಕೆಂದೂ ಎಲ್ಲರನ್ನೂ ಕೇಳುತ್ತೇನೆ. ಹೊಲಿಗೆ ಬಿಚ್ಚಿಸಲು ಬಂದಾಗ ಚಾಚಿ ನನ್ನ ಕೋಣೆಗೂ ಬಂದರು. ಮಾತು ತುಸು ತೊದಲುತ್ತಿತ್ತು. ಗಂಡ ಅವಸರ ಮಾಡಿದ್ದಕ್ಕೆ, "ನೀವು ಸುಮ್ಮ ಕೂಡ್ರಿ," ಎಂದು ಗದರಿದರು. ಬೈಸಿಕೊಂಡ ಗಂಡ ನನ್ನ ಕಡೆ ತಿರುಗಿ ನಕ್ಕರು.