ಮೃಗಾಲಯದಲ್ಲಿ ಒಂದು ಮಾತಿನ ಹುಡುಕಾಟ

ಬೆಳಗಿನ ಆರು ಗಂಟೆ. ಸ್ಟುಡಿಯೋದಲ್ಲಿ ಕಸ ಗುಡಿಸುವವರೂ ಇನ್ನೂ ಬಂದಿಲ್ಲ. ಒಳಗಿನ ಚಿಕ್ಕ ಕೋಣೆಯಲ್ಲಿ ಕತ್ತರಿಯಕ್ಕ ಹೆಡ್‌ಫೋನ್ ಏರಿಸಿಕೊಂಡು ಎಮ್ಮೆಯೊಂದರ ಕೂಗನ್ನು ಆರನೇ ಸಲ ಕೇಳುತ್ತಿದ್ದಾರೆ. ಎಮ್ಮೆ ಅವರ ಗಂಡ.

ಸಿನಿಮಾ, ಜಾಹೀರಾತು, ಮಕ್ಕಳ ಆಟಿಕೆಗಳಿಗೆ ಪ್ರಾಣಿಗಳ ದನಿ ಒದಗಿಸುವ ಸ್ಟುಡಿಯೋ ಇದು. ಇಪ್ಪತ್ತೆರಡು ವರ್ಷ ಆ ದನಿಗಳನ್ನೆಲ್ಲ ಒಂದೇ ಗಂಟಲಿನಿಂದ ತೆಗೆದವರು ಅಕ್ಕನ ಯಜಮಾನರು. ಇಲ್ಲಿಯವರ ಬಾಯಲ್ಲಿ ಅವರು ‘ಮೃಗಾಲಯ’. ನಿಜವಾದ ನಾಯಿಯನ್ನು ಕರೆತಂದು ಬೊಗಳಿಸಿದರೆ ‘ಇದು ನಾಯಿಯಂತಿಲ್ಲ’ ಎಂದು ಗಿರಾಕಿಗಳು ವಾಪಸು ಕಳಿಸಿ, ಇವರ ಬೊಗಳಿಕೆಯನ್ನು ಒಪ್ಪಿಕೊಂಡದ್ದುಂಟು. ಗಂಡ ಕೂಗುವುದು, ಹೆಂಡತಿ ಅದನ್ನು ಸಂಗೀತದ ಸಾಫ್ಟ್‌ವೇರ್‌ಗೆ ಹಾಕಿ ಹಿಂದುಮುಂದು ಕತ್ತರಿಸುವುದು. ದಿನಕ್ಕೆ ನೂರಿಪ್ಪತ್ತು ತುಣುಕು. ಅದಕ್ಕೇ ಅವರು ಕತ್ತರಿಯಕ್ಕ.

ಆ ಸಾಫ್ಟ್‌ವೇರ್‌ಗೆ ಪ್ರಾಣಿಗಳೆಂದರೆ ಅಷ್ಟಕ್ಕಷ್ಟೇ. ಕುರಿ ಅರಚಿದರೆ ಅಪಶ್ರುತಿ ಎಂದು ಕೆಂಪು ಗೆರೆ ಎಳೆಯುತ್ತದೆ. ಒಮ್ಮೆ ಸಂಗೀತ ನಿರ್ದೇಶಕರೊಬ್ಬರು ಕತ್ತೆ ಶ್ರುತಿಯಲ್ಲೇ ಕಿರುಚಬೇಕೆಂದು ಹಟ ಹಿಡಿದರಂತೆ. “ವಾರ ಪೂರ್ತಿ ಕೂತು ಶ್ರುತಿ ಸೇರಿಸಿದೆ. ಕೇಳಿದ್ರೆ ಹಾರ್ಮೋನಿಯಂ ಥರ ಇತ್ತು. ಇವರಿಗೆ ಅವಮಾನ ಆಗಿ ಎರಡು ದಿನ ನನ್ನ ಹತ್ರ ಮಾತು ಬಿಟ್ರು,” ಎನ್ನುತ್ತಾರೆ ಅಕ್ಕ.

ಹೋದ ವರ್ಷ ಯಜಮಾನರ ಗಂಟಲಲ್ಲಿ ಗಡ್ಡೆ ಕಾಣಿಸಿಕೊಂಡಿತು. ಆಪರೇಷನ್ ಜೀವ ಉಳಿಸಿತು, ದನಿ ಕಿತ್ತುಕೊಂಡಿತು. ಈಗ ಅವರು ತಮ್ಮದೇ ಹಳೆಯ ಕೂಗುಗಳನ್ನು ಫೋನಿಗೆ ತುಂಬಿಕೊಂಡಿದ್ದಾರೆ. ನೀರು ಬೇಕಾದರೆ ಬಾತುಕೋಳಿ, ಹಸಿವಾದರೆ ಕರು, ಸಿಟ್ಟು ಬಂದರೆ ಆನೆ. ಸಿಂಹ ಗರ್ಜಿಸಿತೆಂದರೆ ನೆಂಟರು ಚಪ್ಪಲಿ ಹುಡುಕಿಕೊಳ್ಳಬೇಕು. ಬಾಡಿಗೆ ಮನೆಯಲ್ಲಿ ಇಷ್ಟೊಂದು ಪ್ರಾಣಿ ಸಾಕುವುದು ಸರಿಯೇ ಎಂದು ಮೇಲಿನ ಮನೆಯವರು ಮಾಲೀಕರಿಗೆ ದೂರು ಕೊಟ್ಟಿದ್ದಾರೆ.

ಆ ಫೋನಿನಲ್ಲಿರುವುದು ಆರುನೂರ ಹನ್ನೆರಡು ಪ್ರಾಣಿ ದನಿ. ಮನುಷ್ಯನದು ಒಂದೂ ಇಲ್ಲ. ಅದನ್ನು ಅಳಿಸಿದವರು ಕತ್ತರಿಯಕ್ಕನೇ. ಕೂಗಿನ ಆಚೀಚೆ ಗಂಡ ಆಡಿದ ಮಾತು, ನಗು, ಬೈಗುಳವನ್ನೆಲ್ಲ ಕಸವೆಂದು ತೆಗೆಯುವುದೇ ಅವರ ಕೆಲಸವಾಗಿತ್ತು. ಮನೆಯ ವಿಡಿಯೋಗಳಲ್ಲೂ ಯಜಮಾನರು ಮಕ್ಕಳ ಮುಂದೆ ಕೋತಿ, ನರಿಯಾಗಿಯೇ ಇದ್ದಾರೆ. “ದಿನಾ ಮನೇಲಿ ಕೇಳೋ ದನೀನ ಯಾರು ರೆಕಾರ್ಡ್ ಮಾಡ್ಕೋತಾರೆ ಹೇಳಿ? ನಾನಂತೂ ಕೆಲಸ ಚೆನ್ನಾಗಿ ಮಾಡ್ಬಿಟ್ಟೆ.”

ಇನ್ನು ಆಸೆಯೆಂದರೆ ಉಗ್ರಾಣದ ಒಂಬತ್ತು ಹಳೆಯ ಹಾರ್ಡ್ ಡಿಸ್ಕ್‌ಗಳು. ತಿಂಗಳ ಕೊನೆಗೆ ಅವು ಗುಜರಿಗೆ ಹೋಗುತ್ತವೆ. ಕೆಲಸ ಶುರುವಾಗುವ ಮುಂಚೆ ಎರಡು ಗಂಟೆ ಹುಡುಕಿಕೊಳ್ಳಲು ಸ್ಟುಡಿಯೋ ಒಪ್ಪಿದೆ. ಎಂಟು ಮುಗಿದಿವೆ, ಎಂಟರಲ್ಲೂ ಒಂದು ಕೆಮ್ಮು ಕೂಡ ಉಳಿದಿಲ್ಲ. ಇವತ್ತು ಒಂಬತ್ತನೆಯದು.

ಎಮ್ಮೆಯ ಕೂಗಿನ ಕೊನೆಗೆ ಕೇಳಿಸಿದ್ದು ಬರೀ ಉಸಿರು. ಮೂರು ಮೇಕೆ, ಒಂದು ಗಿಳಿ ದಾಟುತ್ತವೆ. ಏಳೂವರೆಗೆ ಹೆಸರಿಲ್ಲದ ಫೈಲೊಂದು ತೆರೆದುಕೊಳ್ಳುತ್ತದೆ. ಫ್ಯಾನಿನ ಗರಗರ. ಗಂಟಲು ಸರಿಮಾಡಿಕೊಳ್ಳುವ ಸದ್ದು. ಆಮೇಲೆ, “ಏ, ಆ ಫ್ಯಾನ್ ಆರ್ಸೇ. ಎಷ್ಟು ಸಲ ಹೇಳ್ಬೇಕು ನಿಂಗೆ?”

ಕತ್ತರಿಯಕ್ಕ ಹೆಡ್‌ಫೋನ್ ಇಳಿಸಿ, ಎದ್ದು ಹೋಗಿ, ಕೋಣೆಯ ಫ್ಯಾನ್ ಆರಿಸಿ ಬರುತ್ತಾರೆ. ಕುರ್ಚಿಯಲ್ಲಿ ಕೂತ ಮೇಲೆ ತಾವೇನು ಮಾಡಿದೆವೆಂದು ಹೊಳೆಯುತ್ತದೆ. ಸೆರಗಿನಲ್ಲಿ ಮುಖ ಒತ್ತಿ ಹಿಡಿಯುತ್ತಾರೆ. ಆಮೇಲೆ ಆ ಫೈಲನ್ನು ಸ್ಪೀಕರಿನಲ್ಲಿ ಮತ್ತೆ ಹಾಕುತ್ತಾರೆ.

ಕೆಲಸಕ್ಕೆ ಬಂದ ಸೌಂಡ್ ಎಂಜಿನಿಯರ್ ಬಾಗಿಲಲ್ಲೇ ನಿಂತು ಅದನ್ನು ಕೇಳಿಸಿಕೊಳ್ಳುತ್ತಾನೆ. ಹೊಸ ಸಾಫ್ಟ್‌ವೇರ್‌ನಲ್ಲಿ ಆ ಫ್ಯಾನಿನ ಸದ್ದನ್ನು ಒಂದೇ ನಿಮಿಷದಲ್ಲಿ ತೆಗೆದುಕೊಡುವುದಾಗಿ ಹೇಳುತ್ತಾನೆ. ಅಕ್ಕ ಮೌಸಿನ ಮೇಲೆ ಕೈ ಅಡ್ಡ ಇಡುತ್ತಾರೆ.

“ಬೇಡಪ್ಪ, ಫ್ಯಾನ್ ತೆಗೆದ್ರೆ ಅವರ ದನೀನೂ ಒಂಚೂರು ಹೋಗತ್ತೆ. ಇಪ್ಪತ್ತೆರಡು ವರ್ಷದಲ್ಲಿ ನನ್ನ ಕೈ ತಪ್ಪಿಸ್ಕೊಂಡಿದ್ದು ಇದೊಂದೇ. ಹಾಗೇ ಇರ್ಲಿ.”